ಡಿಟಾಕ್ಸ್ ಡಬ್ಬಿ

ಮಹಾರಾಷ್ಟ್ರದ ನಿಲಂಗಾದಿಂದ ಉದಗೀರಕ್ಕೆ ಹೊರಟ ಬಸ್ಸಿನಲ್ಲಿ ಕೂತಿದ್ದೆ. ತೊಡೆಯ ಮೇಲೆ ಡಿಟಾಕ್ಸ್ ಚಹಾದ ಡಬ್ಬಿಗಳ ಚೀಲ. ಊರೂರು ತಿರುಗಿ ಅದನ್ನು ಮಾರುವುದೇ ನನ್ನ ಕೆಲಸ. ಅವತ್ತು ಮಾತಾಡಿ ಮಾತಾಡಿ ಗಂಟಲು ಬತ್ತಿತ್ತು. ನಾನು ಫೋನಿನಲ್ಲಿ ಕನ್ನಡ ಆಡಿದ್ದು ಕೇಳಿ ಪಕ್ಕದ ಹೆಂಗಸು ಡಬ್ಬಿಯತ್ತ ಬೆರಳು ತೋರಿಸಿದಳು. “ಡಿಟಾಕ್ಸ್ ಅಂದ್ರ ಏನ್ರೀ?”

“ಮೈಯಾಗಿನ ವಿಷ ತೆಗಿಯೋದು,” ಎಂದೆ, ರೂಢಿಯಂತೆ.

“ಉದಗೀರ ದವಾಖಾನ್ಯಾಗ ನಮ್ಮನಿಯವ್ರಿಗಿ ಅದನ್ನೇ ಮಾಡ್ಲಕತ್ತಾರ, ಕುಡಿಯೋದು ಬಿಡಸ್ಲಕ್ಕ. ಕೈ ನಡಗ್ತಾವ, ಮನಿಗಿ ಕರ್ಕೊಂಡು ಹೋಗು ಅಂತ ಅಳ್ತಾರ. ಇವತ್ತ ಕರ್ಕೊಂಡು ಬರ್ಲಕ್ಕ ಹೊಂಟೀನಿ. ಈ ಡಬ್ಬಿ ಕೊಟ್ರ ಮನ್ಯಾಗೇ ಆಗ್ತದಲಾ?”

ಆಗುತ್ತದೆ ಅನ್ನುವುದು ನನಗೆ ಬಾಯಿಪಾಠ. ಆಕೆಯ ಮುಖ ನೋಡಿ ಆ ಮಾತು ಹೊರಡಲಿಲ್ಲ.

“ಇಲ್ಲಕ್ಕಾ, ಇದು ಹೊಟ್ಟಿ ಕರಗ್ಲಕ್ಕ ಕುಡಿಯೋ ಚಾ. ಹೆಸರಷ್ಟೇ ಒಂದು. ಅವ್ರಿಗಿ ದವಾಖಾನ್ಯಾಗೇ ಬಿಡ್ರಿ.”

“ಅತ್ರ ಅಳ್ಲಿ ಬಿಡ್ರಿ,” ಎಂದಳು ಆಕೆ. “ಜೀವಂತ ಇರ್ಲಿ.”

ಆಕೆ ಇಳಿದು ಹೋದ ಮೇಲೆ ನಮ್ಮ ಚಹಾ ಕಂಪನಿಯ ಸಾಹೇಬರ ಫೋನ್ ಬಂತು. ಇವತ್ತು ಎಷ್ಟು ಮಂದಿಗೆ ಡಿಟಾಕ್ಸ್ ಅಂದರೆ ಏನೆಂದು ತಿಳಿಸಿದಿ ಎಂದು ಕೇಳಿದರು. ಒಬ್ಬಾಕಿಗೆ, ಸರಿಯಾಗಿ ತಿಳಿಸಿದೆ ಎಂದೆ. ಅವರಿಗೆ ಖುಷಿಯಾಯಿತು. ಉಳಿದದ್ದನ್ನು ಹೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ.