ಧಾರೆ ಸೀರೆಗೆ ಬೇಡವಾದ ಕೈ

ಎದೆಯ ಆಪರೇಷನ್ ಮಾಡಿಸಿಕೊಂಡು ಬಂದ ತಮ್ಮನನ್ನು ನೋಡಲು ಮೊನ್ನೆ ಚಳ್ಳಕೆರೆಗೆ ಹೋಗಿದ್ದೆ. ಅಂಗಿ ಬಿಚ್ಚಿ ಹೊಲಿಗೆ ತೋರಿಸಿದ. ಗಪ್ಪೆಂದು ಸ್ಪಿರಿಟ್ ವಾಸನೆ ಬಂತು. ಮೊಳಕಾಲ್ಮೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ ಮಾವ ನೆನಪಾದರು... ಸಂಬಂಧವೇನಿಲ್ಲ, ಮಾವ ಎಂದು ಕರೆದು ರೂಢಿ.

ತೊಂಬತ್ತರ ದಶಕದ ಕೊನೆಯದು ಈ ಮಾತು. ಮಾವನ ಹೃದಯದ ಕವಾಟ ಕೆಟ್ಟಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಒಬ್ಬಳೇ ಮಗಳಿಗೆ ಕೊಂಡ್ಲಹಳ್ಳಿಯ ಗಂಡು ಗೊತ್ತಾಗಿತ್ತು. ನಮ್ಮ ಕೇರಿಯಲ್ಲಿ ಮಗಳ ಧಾರೆ ಸೀರೆಯನ್ನು ಅಪ್ಪನೇ ನೇಯಬೇಕು. ಅದೊಂದಕ್ಕಾಗಿಯೇ ಅವರು ಬೆಂಗಳೂರಿಗೆ ಹೋಗಿ ಎದೆ ಸೀಳಿಸಿಕೊಂಡರು.

ಸೊರಗಿ ಬಂದರೂ ಮುಖದಲ್ಲಿ ಕಳೆ ಬಂದಿತ್ತು. ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಅದೇ ಕಥೆ: "ಗುಂಡಿಗೆ ನಿಲ್ಸೇಬಿಟ್ಟಿದ್ರು ಕಣ್ರಿ! ರಕ್ತ ಎಲ್ಲ ಹೊರಗಿನ ಮಿಷನ್ನಿಗೆ ಹೋಗಿ, ಅಲ್ಲೇ ಉಸಿರು ತುಂಬ್ಕೊಂಡು ವಾಪಸ್ ಬರ್ತಿತ್ತಂತೆ. ಎಳೆ ಹರಿದ್ರೆ ನಾವು ಮಗ್ಗ ನಿಲ್ಸಿ ಗಂಟು ಹಾಕಲ್ವಾ? ಹಂಗೇ."

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಕೇರಿಯವರು ತಲೆಯಾಡಿಸುತ್ತ ಕೇಳಿದರು, ಮನೆಗೆ ಹೋಗಿ ತೀರ್ಪು ಕೊಟ್ಟರು. ಗುಂಡಿಗೆ ನಿಂತ ಮೇಲೆ ಮನುಷ್ಯ ಸತ್ತ ಹಾಗೇ, ಅವನದು ಸತ್ತು ಬಂದ ಕೈ.

ಕೆಲವು ತಿಂಗಳ ನಂತರ ಸೀರೆ ಮಗ್ಗದ ಮೇಲೆ ಅರ್ಧ ಆಗಿತ್ತು. ಕುಂಕುಮದ ಬಣ್ಣ, ಮಾವಿನಕಾಯಿ ಅಂಚು. ಗಂಡಿನ ತಾಯಿ ಬಂದವಳು ಅಂಚು ಸವರಿ ಮೆಚ್ಚಿದಳು. ಆಮೇಲೆ ಯಾರೋ ಕಿವಿಯಲ್ಲಿ ಊದಿರಬೇಕು... ನೀರು ಕೇಳಿ ಅಂಗಳದಲ್ಲಿ ಕೈ ತೊಳೆದಳು.

"ಮಸಣದಿಂದ ಎದ್ದು ಬಂದೋರು ನೇಯ್ದಿದ್ದು ನಮ್ಮ ಸೊಸೆ ಉಡೋದು ಬ್ಯಾಡ್ರಿ. ಇದೇ ಸೀರೆ ಅಂದ್ರೆ ಸಂಬಂಧಾನೇ ಬ್ಯಾಡ."

ಮಾವ ನಕ್ಕರು. "ಒಂದು ಗಳಿಗೇನೂ ಸತ್ತಿರ್ಲಿಲ್ಲ ತಾಯಿ ನಾನು. ಡಾಕ್ಟ್ರನ್ನೇ ಕೇಳ್ರಿ."

ಜೊತೆಗೆ ಯಾರೂ ನಗಲಿಲ್ಲ. ಅವರು ಹೆಂಡತಿಯ, ನಾವು ಅತ್ತೆ ಎನ್ನುತ್ತಿದ್ದವರ, ಮುಖ ನೋಡಿದರು. ಅತ್ತೆ ಒಳಗೆ ಹೋಗಿ ಕತ್ತರಿ ತಂದು, ಅವರ ಕಣ್ಣೆದುರಿಗೇ ಸೀರೆಯನ್ನು ಮಗ್ಗದಿಂದ ಕತ್ತರಿಸಿದರು. ಮಗಳು ಬಾಗಿಲ ಹಿಂದೆ ನಿಂತಿದ್ದಳು, ತುಟಿ ಬಿಚ್ಚಲಿಲ್ಲ. ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಂಗಡಿಯ ಸೀರೆಯಲ್ಲಿ ಮದುವೆಯಾಯಿತು. ಧಾರೆ ಎರೆದದ್ದು ಹುಡುಗಿಯ ಚಿಕ್ಕಪ್ಪ. ಮಾವ ಊಟದ ಚಪ್ಪರದಲ್ಲಿ ಎಲೆ ಹಾಕುತ್ತಿದ್ದರು.

ಮತ್ತೆ ಮಗ್ಗದಲ್ಲಿ ಕೂರದೆ ಅವರು ಕೆಲವು ವರ್ಷ ಬದುಕಿದರು. ತೀರಿಕೊಂಡ ದಿನ ನಾನು ಅಳುತ್ತ ಹೋದರೆ ಅತ್ತೆಯೇ ನನಗೆ ಸಮಾಧಾನ ಹೇಳಿದರು: "ಅಳಬ್ಯಾಡಮ್ಮ, ಅವರು ಆವತ್ತು ಬೆಂಗಳೂರಲ್ಲೇ ಹೋಗಿದ್ರಲ್ಲ." ಅಂಥ ಕೈ ಆ ಕೇರಿಯಲ್ಲಿ ಮತ್ತೆ ಹುಟ್ಟಲಿಲ್ಲ.

"ಅಕ್ಕಾ, ನಂದು ಹೃದಯಾನೇ ನಿಲ್ಸಿದ್ರು, ಗೊತ್ತಾ?" ತಮ್ಮ ಖುಷಿಯಿಂದ ಶುರು ಮಾಡಿದ.

ನಾನು ಎದ್ದು ಬೀದಿ ಬಾಗಿಲು ಹಾಕಿ ಬಂದೆ.

"ಮೆಲ್ಲಗೆ ಮಾತಾಡೋ," ಅಂದೆ. "ನಿನಗೂ ಮಗಳಿದ್ದಾಳೆ."