ಎಣ್ಣೆಯ ವಾಸನೆ ಬಾರದ ಕ್ರಿಸ್‌ಮಸ್

ಡಿಸೆಂಬರಿನಲ್ಲಿ ಬಾಣಲೆ ಇಟ್ಟರೆ ನಾನು ಮುಂಬಾಗಿಲು ತೆರೆದಿಡುತ್ತೇನೆ. ನ್ಯೂಜೆರ್ಸಿಯ ಪಿಸ್ಕಾಟವೇಯ ಈ ಮನೆಗೆ ಬಂದಾಗಿನಿಂದ ವರ್ಷವರ್ಷವೂ ಇದೇ ಜಗಳ. "ಅಮ್ಮಾ, ಇಟ್ಸ್ ಫ್ರೀಝಿಂಗ್!" ಎಂದು ಮಗಳು ಮಹಡಿಯಿಂದ ಕೂಗುತ್ತಾಳೆ. "ಊರಿಗೆಲ್ಲ ಹೀಟಿಂಗ್ ನಾವೇ ಕೊಡ್ಬೇಕೇನೇ?" ಎಂದು ಯಜಮಾನರು ಗೊಣಗುತ್ತಾರೆ. ಹೊಗೆ ಹೋಗಲಿ ಎಂದು ತೆರೆದಿದ್ದೇನೆ ಅಂತ ಮಗಳು ತಿಳಿದಿದ್ದಾಳೆ. ಇವರಿಗೆ ನಿಜವಾದ ಕಾರಣ ಗೊತ್ತು. ಗೊತ್ತಿದ್ದೂ ಗೊಣಗುವುದು ಅವರ ಹುಟ್ಟುಗುಣ.

ಅರವತ್ತರ ದಶಕದ ಕೊನೆಯಲ್ಲಿ ನಾವು ಹೊಬೊಕೆನ್ನಿನಲ್ಲಿದ್ದೆವು. ಇವರು ಬೆಳಿಗ್ಗೆ ಟ್ರೇನು ಹಿಡಿದು ನ್ಯೂಯಾರ್ಕಿಗೆ ಹೊರಟರೆ ಸಂಜೆಯವರೆಗೆ ನನ್ನ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ಕೆಳಗಿನ ಮನೆಯಲ್ಲಿ ಇಟಲಿಯ ವೃದ್ಧ ದಂಪತಿ ಇದ್ದರು. ಒಬ್ಬಳೇ ಮಗಳು, ಮದುವೆಯಾಗಿ ಕ್ಯಾಲಿಫೋರ್ನಿಯಾದಲ್ಲಿ. ಅವರನ್ನು ನಾವು ನಮ್ಮೊಳಗೆ ಅಜ್ಜ, ಅಜ್ಜಿ ಎಂದೇ ಕರೆಯುತ್ತಿದ್ದೆವು.

ಆ ಮನೆ ಸೇರಿದ ವರ್ಷವೇ ಗಣೇಶನ ಹಬ್ಬಕ್ಕೆ ಕರ್ಜಿಕಾಯಿ ಕರಿಯುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಕೆಳಗಿನ ಅಜ್ಜಿ! ವಾಸನೆಗೆ ಬೈಯಲು ಬಂದರು ಅಂದುಕೊಂಡೆ. ಅವರು ನನ್ನನ್ನು ದಾಟಿಕೊಂಡು ನೆಟ್ಟಗೆ ಒಲೆಯ ಹತ್ತಿರ ಹೋದರು, ಮೂಗರಳಿಸಿ ಎಣ್ಣೆ ನೋಡಿದರು, ಕರ್ಜಿಕಾಯಿಯ ಅಂಚು ಕತ್ತರಿಸುವ ನನ್ನ ಹಿತ್ತಾಳೆಯ ಹಲ್ಲುಚಕ್ರ ಕಂಡು "ಆ!" ಎಂದು ಕೂಗಿ ಕೆಳಗೆ ಓಡಿದರು. ಹಿಂತಿರುಗಿದಾಗ ಅವರ ಕೈಯಲ್ಲೂ ಅಂಥದ್ದೇ ಒಂದು ಚಕ್ರ. ನನ್ನದು ಅಮ್ಮ ಕೊಟ್ಟದ್ದು, ಅವರದ್ದು ಅವರಮ್ಮ ಕೊಟ್ಟದ್ದು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ, ಆದರೂ ಅವತ್ತು ಸಂಜೆಯವರೆಗೆ ಮಾತಾಡಿದೆವು.

ಅವರ ಆ ಹರಕು ಮುರುಕು ಇಂಗ್ಲಿಷನ್ನು ನಾನು ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

ಡಿಸೆಂಬರ್ ಬಂತು. ನಾನು ಮೊಟ್ಟೆ ತಿನ್ನುವವಳಲ್ಲ ಎಂದು ಅಜ್ಜಿಗೆ ಗೊತ್ತಾಗಿತ್ತು. "ಹಾಗಾದ್ರೆ ನಿನಗೆ ಕಾರ್ತೆಲ್ಲಾತೆ ಕಲಿಸ್ತೀನಿ, ಅದಕ್ಕೆ ಮೊಟ್ಟೆ ಬೇಡ," ಎಂದರು. ಅವರ ಊರಿನಲ್ಲಿ ಅದಿಲ್ಲದೆ ಕ್ರಿಸ್‌ಮಸ್ಸೇ ಇಲ್ಲವಂತೆ. ಮೈದಾಹಿಟ್ಟು, ಆಲಿವ್ ಎಣ್ಣೆ, ಉಪ್ಪು. ಸರಿ, ನಮ್ಮ ಚಿರೋಟಿಯ ನಂಟಸ್ತಿಕೆ ಅಂದುಕೊಂಡೆ. ಅಷ್ಟರಲ್ಲಿ ಬೆಚ್ಚಗೆ ಮಾಡಿದ ಬಿಳಿ ವೈನನ್ನು ಹಿಟ್ಟಿಗೆ ಸುರಿದೇಬಿಟ್ಟರು. ಅಯ್ಯೋ ರಾಮ! ಸಂಜೆ ಇವರ ಮುಂದೆ ಹೇಳಿಕೊಂಡರೆ ನಕ್ಕುಬಿಟ್ಟರು. "ಕರಿದ್ಮೇಲೆ ಅದೆಲ್ಲಾ ಹಾರಿಹೋಗತ್ತೆ ಕಣೇ, ಕೆಮಿಸ್ಟ್ರಿ," ಎಂದರು. ಮರುದಿನ ಕರಿದು ತಂದಾಗ ನನಗಿಂತ ಮೊದಲು ತಾವೇ ಬಾಯಿಗೆ ಹಾಕಿಕೊಂಡರು. ಆ ಕೆಮಿಸ್ಟ್ರಿಯನ್ನು ನಾನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಲಟ್ಟಿಸಬೇಕು. ಹಲ್ಲುಚಕ್ರದಿಂದ ಉದ್ದದ ಪಟ್ಟಿಗಳಾಗಿ ಕತ್ತರಿಸಿ, ಪಟ್ಟಿಯನ್ನು ಮಡಚಿ, ಅಲ್ಲಲ್ಲಿ ಚಿವುಟಿ ಅಂಟಿಸಿ, ಆಮೇಲೆ ಗುಲಾಬಿಯ ಹಾಗೆ ಸುತ್ತಬೇಕು. ಚಿವುಟಿದ ಕಡೆಯೆಲ್ಲ ಪುಟ್ಟ ಪುಟ್ಟ ಗುಳಿ ಬೀಳುತ್ತದೆ. ರಾತ್ರಿಯಿಡೀ ಬಟ್ಟೆಯ ಮೇಲೆ ಒಣಗಿಸಿ, ಮರುದಿನ ಕರಿದು, ಅಂಜೂರದ ಪಾಕದಲ್ಲಿ ಅದ್ದಿದರೆ ಆ ಗುಳಿಗಳಲ್ಲಿ ಪಾಕ ನಿಲ್ಲುತ್ತದೆ. ಅಂಜೂರ ಅಜ್ಜನದು. ಹಿತ್ತಲಿನ ಒಂದೇ ಮರವನ್ನು ಚಳಿಗಾಲಕ್ಕೆ ಹಳೇ ಕಾರ್ಪೆಟ್ಟು ಸುತ್ತಿ ಕಾಪಾಡುತ್ತಿದ್ದರು. ಸೆಪ್ಟೆಂಬರಿನಲ್ಲಿ ಅವರು ಹಣ್ಣು ಕೊಯ್ದರೆ ಅಜ್ಜಿ ಕುದಿಸಿ, ಸೋಸಿ, ಕಪ್ಪಗೆ ಮಂದವಾಗುವ ತನಕ ಕಾಯಿಸಿ ಬಾಟಲಿಗೆ ತುಂಬುವರು. ಪಾಕದಿಂದ ತೆಗೆದ ಮೊದಲ ಗುಲಾಬಿ ಅಜ್ಜನಿಗೆ. ಅವರು ಮಾತಿನವರಲ್ಲ. ತಿಂದು, ಬೆರಳು ನೆಕ್ಕಿ, ನನ್ನ ಕಡೆಗೊಮ್ಮೆ ತಲೆಯಾಡಿಸಿ ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಎರಡು ಡಿಸೆಂಬರ್ ಹೀಗೆ ಕಳೆಯಿತು. ಮೂರನೆಯ ವರ್ಷ ನವೆಂಬರಿನಲ್ಲಿ ಅಜ್ಜ ತೀರಿಕೊಂಡರು. ಮಗಳು ಬಂದು, ಎಲ್ಲ ಮುಗಿಸಿ, ಮಕ್ಕಳ ಸ್ಕೂಲೆಂದು ಹೊರಟುಹೋದಳು. ಅಜ್ಜಿ ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ ಹಾಕಿಕೊಂಡರು.

ಡಿಸೆಂಬರ್ ಮೊದಲಲ್ಲಿ ಒಂದು ದಿನ ಅವರು ಮೆಟ್ಟಿಲು ಹತ್ತಿ ಬಂದು ಪಾಕದ ಬಾಟಲಿಯನ್ನು ನನ್ನ ಕೈಗಿಟ್ಟರು. "ಈ ವರ್ಷ ನಮ್ಮ ಮನೇಲಿ ಎಣ್ಣೆ ಇಡೋ ಹಾಗಿಲ್ಲ. ಇದು ಅವರ ಹಣ್ಣಿನದು. ನೀನು ಇಟ್ಕೋ," ಎಂದರು. ಕಣ್ಣೆದುರು ಇದ್ದರೆ ಸಂಕಟವಾಗುತ್ತದೆ ಎಂದು ಕೊಡುತ್ತಿದ್ದಾರೆ ಅಂದುಕೊಂಡು, ಅವರು ಹೋದ ಮೇಲೆ ಅದನ್ನು ಅಕ್ಕಿ ಡಬ್ಬದ ಹಿಂದೆ ಮರೆಯಾಗಿ ಇಟ್ಟೆ.

ನಾನು ಬೆಳೆದದ್ದು ಮೈಸೂರಿನ ವಠಾರದಲ್ಲಿ. ಒಂದು ಮನೆಯಲ್ಲಿ ಸಾವಾದರೆ ಉಳಿದ ಮನೆಗಳಲ್ಲಿ ಒಗ್ಗರಣೆಯ ಸದ್ದು ಕೂಡ ಕೇಳಿಸುತ್ತಿರಲಿಲ್ಲ. ದೀಪಾವಳಿಯೇ ಬಂದರೂ ಅಮ್ಮ ಬಾಣಲೆ ಮುಟ್ಟುತ್ತಿರಲಿಲ್ಲ. ಸಾವಿನ ಮನೆಗೆ ವರ್ಷ ತುಂಬುವ ಮೊದಲು ಯಾರಾದರೂ ಹಬ್ಬದ ಸಿಹಿ ಕೊಂಡೊಯ್ದರೆ, ಬುದ್ಧಿ ಎಲ್ಲಿಟ್ಟಿದ್ದೀಯಾ ಎಂದು ಬೈಸಿಕೊಂಡೇ ಬರಬೇಕಾಗಿತ್ತು. ಅಂಥ ಕಡೆಯಿಂದ ಬಂದ ನನಗೆ ಇದನ್ನೆಲ್ಲ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

"ಏನೇ, ಈ ಸಲ ಗುಲಾಬಿ ಇಲ್ವಾ?" ಎಂದು ಇವರು ಕೇಳಿದಾಗ ಉರಿದುಬಿದ್ದೆ. "ಕೆಳಗಡೆ ಸಾವಾಗಿದೆ, ಮೇಲ್ಗಡೆ ಬಾಣಲೆ ಇಡೋದಾ? ನಿಮಗೇನು ನಾಚಿಕೆ ಮಾನ ಇಲ್ವಾ?"

"ಅವರಲ್ಲಿ ಹೇಗೋ ಏನೋ. ಒಂದು ಮಾತು ಕೇಳ್ಬಾರ್ದಾ?"

"ಇಂಥದ್ದನ್ನೆಲ್ಲ ಯಾರಾದ್ರೂ ಕೇಳ್ತಾರೇನ್ರೀ?"

ಆ ತಿಂಗಳು ಹಪ್ಪಳ ಕೂಡ ಕರಿಯಲಿಲ್ಲ. ಎಣ್ಣೆಯ ವಾಸನೆ ಮೆಟ್ಟಿಲಿಳಿದು ಹೋದರೆ ಅಜ್ಜಿಗೆ ಹಳೆಯದೆಲ್ಲ ನೆನಪಾದೀತು ಎಂದು ಹುಳಿಗೆ ಒಗ್ಗರಣೆ ಹಾಕುವಾಗಲೂ ನಮ್ಮ ಬಾಗಿಲು ಭದ್ರವಾಗಿ ಹಾಕಿಕೊಳ್ಳುತ್ತಿದ್ದೆ. ನನ್ನ ಸೂಕ್ಷ್ಮ ಮನಸ್ಸಿಗೆ ನಾನೇ ಬೀಗುತ್ತಿದ್ದೆ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಕ್ರಿಸ್‌ಮಸ್ ದಿನ ಮಧ್ಯಾಹ್ನ, ಪಾಪ ಒಬ್ಬರೇ ಇದ್ದಾರೆ, ಸ್ವಲ್ಪ ಹೊತ್ತು ಕೂತು ಬರೋಣ ಎಂದು ಮಾಸಲು ಬಣ್ಣದ ಸೀರೆ ಉಟ್ಟು, ಬೇಕೆಂದೇ ಬರಿಗೈಯಲ್ಲಿ ಕೆಳಗಿಳಿದೆ. ಆ ಚಳಿಯಲ್ಲೂ ಅವರ ಬಾಗಿಲು ಅರ್ಧ ತೆರೆದಿತ್ತು. ನನ್ನ ಹೆಜ್ಜೆಯ ಸದ್ದಿಗೇ ಅಜ್ಜಿ ಎದ್ದು ಬಂದರು. ಮೊದಲು ನನ್ನ ಕೈ ನೋಡಿದರು, ಆಮೇಲೆ ಮುಖ.

ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿತ್ತು. ಒಂದು ತುದಿಯಲ್ಲಿ ಅಜ್ಜನ ಫೋಟೋ, ಮುಂದೆ ಉರಿಯುವ ಮೇಣದ ಬತ್ತಿ. ಚರ್ಚಿನವರು ಕೊಟ್ಟ ಬೇಕರಿಯ ಬಿಸ್ಕತ್ತಿನ ಡಬ್ಬಗಳು ಕಿಟಕಿಯ ಹತ್ತಿರ ಬಿಚ್ಚದೆ ಕೂತಿದ್ದವು. ಮೇಜಿನ ನಡುವೆ, ಪ್ರತಿ ವರ್ಷ ನಾವು ಗುಲಾಬಿ ಜೋಡಿಸುತ್ತಿದ್ದ ನೀಲಿ ಅಂಚಿನ ದೊಡ್ಡ ತಟ್ಟೆ ಇತ್ತು. ಅದು ಖಾಲಿ.

ಅಜ್ಜಿ ಕಾಫಿ ಬಗ್ಗಿಸಿದರು. ಲೋಟವನ್ನು ನನ್ನ ಮುಂದೆ ಸರಿಸಿ ಮೆಲ್ಲಗೆ ಕೇಳಿದರು: "ಕರಿಯುವಾಗ ಮುರಿದುಹೋದವಾ, ಮಗಳೇ?"

"ಏನು ಮುರಿದುಹೋಯಿತು?" ಎಂದೆ.

"ಕಾರ್ತೆಲ್ಲಾತೆ. ಮುರಿದರೂ ಪರವಾಗಿಲ್ಲ, ತರಬೇಕಿತ್ತು. ವಾಸನೆ ಬರತ್ತೇನೋ ಅಂತ ಮೂರು ದಿನದಿಂದ ಬಾಗಿಲು ತೆರೆದಿಟ್ಟಿದ್ದೀನಿ."

ಅವರೇ ಬಿಡಿಸಿ ಹೇಳಿದರು. ಸಾವಾದ ಮನೆಯಲ್ಲಿ ಎಣ್ಣೆ ಇಡುವುದಿಲ್ಲ. ನಮ್ಮಲ್ಲೂ ಅದೇ. ಆದರೆ ಅವರ ಊರಿನಲ್ಲಿ ಆ ವರ್ಷ ನೆರೆಮನೆಯವರು ಮಾಡಿ ತಂದುಕೊಡಬೇಕು. ತಂದರೆ, ನಿಮ್ಮನ್ನು ಬಿಟ್ಟು ನಮಗೆ ಹಬ್ಬವಿಲ್ಲ ಅಂತ ಅರ್ಥ. ಸತ್ತವರ ಪಾಲೂ ಆ ತಟ್ಟೆಯಲ್ಲೇ ಇರುತ್ತದೆ. ಮಾಡಲು ಬರುವ ನೆರೆಯವಳು ಅಂತ ಅವರಿಗೆ ಉಳಿದಿದ್ದವಳು ನಾನೊಬ್ಬಳೇ. ಅದಕ್ಕೇ ಅಜ್ಜನ ಕೊನೆಯ ಹಣ್ಣಿನ ಪಾಕವನ್ನು ನನ್ನ ಕೈಗೆ ಕೊಟ್ಟದ್ದು.

ನಮ್ಮ ವಠಾರ, ನಮ್ಮ ಪದ್ಧತಿ, ನಾನು ಹಪ್ಪಳ ಬಿಟ್ಟದ್ದು, ಬಾಗಿಲು ಹಾಕಿಕೊಂಡದ್ದು ಎಲ್ಲವನ್ನೂ ಅಳುತ್ತ ತೊದಲಿದೆ. ಅಜ್ಜಿ ಕಿವಿಗೊಟ್ಟು ಕೇಳಿ, ನನ್ನ ಕೈ ತಟ್ಟಿ, "ಓಹೋ, ನೀನು ಮೇಲೆ ಮುಚ್ಚಿದ್ದೆ, ನಾನು ಕೆಳಗೆ ತೆರೆದಿದ್ದೆ," ಎಂದರು. ನಗಲು ನೋಡಿದರು, ಆಗಲಿಲ್ಲ. ಅವರ ಕಣ್ಣು ಆ ತಟ್ಟೆಯ ಕಡೆಗೇ ಹೋಗುತ್ತಿತ್ತು.

ಮೇಲೆ ಓಡಿ ಹಿಟ್ಟು ಕಲಸಿದೆ. ಇವರು ಲಟ್ಟಿಸಲು ಕೂತರು. ನಾನು ಹೇಳಿದ್ದೆನಲ್ಲ ಎಂದು ಚುಚ್ಚಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಹಾಸಿಗೆಯ ಮೇಲೆ ಬಟ್ಟೆ ಹಾಸಿ ಗುಲಾಬಿಗಳನ್ನು ಒಣಗಲು ಬಿಟ್ಟು ನಾವು ನೆಲದ ಮೇಲೆ ಮಲಗಿದೆವು. ಕಾರ್ತೆಲ್ಲಾತೆಗೆ ಅವಸರ ಆಗದು. ಒಣಗದ್ದನ್ನು ಎಣ್ಣೆಗೆ ಹಾಕಿದರೆ ಬಿಚ್ಚಿಕೊಂಡುಬಿಡುತ್ತದೆ. ಹೀಗಾಗಿ ಏನು ಮಾಡಿದರೂ ಕ್ರಿಸ್‌ಮಸ್ ಕೈತಪ್ಪಿತ್ತು. ಮುಂದಿನ ವರ್ಷ ಸರಿಮಾಡಿಕೊಳ್ಳೋಣ ಎಂದರೆ ಅದೂ ಆಗಲಿಲ್ಲ. ಚಳಿ ಮುಗಿಯುತ್ತಲೇ ಮಗಳು ಬಂದು ಅಜ್ಜಿಯನ್ನು ಕ್ಯಾಲಿಫೋರ್ನಿಯಾಗೆ ಕರೆದುಕೊಂಡು ಹೋದಳು.

ಕ್ರಿಸ್‌ಮಸ್ಸಿನ ಮರುದಿನ ಬೆಳಿಗ್ಗೆ ನಮ್ಮ ಬಾಗಿಲನ್ನು ಪೂರ್ತಿ ತೆರೆದು, ಬಾಣಲೆ ಇಟ್ಟೆ. ಮೊದಲ ಗುಲಾಬಿ ಎಣ್ಣೆಗೆ ಬಿದ್ದು ಸ್ವಲ್ಪ ಹೊತ್ತಿಗೆ ಕೆಳಗೆ ಕುರ್ಚಿ ಸರಿದ ಸದ್ದು ಕೇಳಿಸಿತು. ಅಕ್ಕಿ ಡಬ್ಬದ ಹಿಂದಿನಿಂದ ಬಾಟಲಿ ತೆಗೆದು ಪಾಕ ಬಿಸಿ ಮಾಡಿ, ಒಂದೊಂದನ್ನೇ ಅದ್ದಿ ಕೆಳಗೆ ಒಯ್ದೆ.

ಅಜ್ಜಿ ನನ್ನ ಕೈಯಿಂದಲೇ ಅವನ್ನು ನೀಲಿ ಅಂಚಿನ ತಟ್ಟೆಯಲ್ಲಿ ಇಡಿಸಿದರು. ಮೊದಲನೆಯದನ್ನು ಅಜ್ಜನ ಫೋಟೋದ ಮುಂದಿಟ್ಟು, ತಮ್ಮ ಭಾಷೆಯಲ್ಲಿ ಅವರಿಗೆ ಏನೋ ಹೇಳಿದರು. ನನ್ನ ಮೇಲೆ ದೂರು ಹೇಳುತ್ತಿದ್ದಾರೆ, ಹೇಳಲಿ, ಅದು ನ್ಯಾಯವೇ ಎಂದು ತಲೆ ತಗ್ಗಿಸಿ ನಿಂತಿದ್ದೆ. ಕೊನೆಗೆ ತಡೆಯಲಾರದೆ ಕೇಳಿದೆ.

"ಏನಂದ್ರಿ ಅವರಿಗೆ?"

"ಈ ಸಲ ಹವಾ ಸರಿಯಿಲ್ಲ, ಹಿಟ್ಟು ಒಣಗೋದಕ್ಕೆ ಒಂದು ದಿನ ಹೆಚ್ಚಿಗೆ ಹಿಡೀತು, ಅದಕ್ಕೇ ತಡ ಆಯ್ತು ಅಂದೆ," ಎಂದರು ಅಜ್ಜಿ. "ಇಲ್ಲದಿದ್ರೆ ನೀನು ಮರೆತೆ ಅಂದ್ಕೊಂಡುಬಿಡ್ತಾರೆ."