ಗೋಡೆಯಾಚೆಯ ಪ್ಲಗ್ಗು

ನಂಜನಗೂಡಿನ ಈ ಮನೆಗೆ ಬಂದ ಮರುದಿನವೇ, ಸಂಜೆ ದೀಪ ಹಚ್ಚುವ ಹೊತ್ತಿಗೆ, ನಡುಮನೆಯ ಬಲ್ಬು ತಾನಾಗಿಯೇ ಮಂಕಾಯಿತು. ಆರಲಿಲ್ಲ. ಹಳದಿ ಬೆಳಕು ಕೆಂಪಗಾಗಿ, ಅನ್ನ ಬೇಯುವಷ್ಟು ಹೊತ್ತು ಹಾಗೇ ಇದ್ದು, ಮತ್ತೆ ಮೊದಲಿನಂತೆ ಉರಿಯಿತು. ಆಮೇಲೆ ದಿನವೂ ಅದೇ ಹೊತ್ತಿಗೆ ಅದೇ ಕಥೆ. ಮನೆಯಲ್ಲಿ ನಾನೊಬ್ಬಳೇ. ಅಡುಗೆ ಮಾಡುವುದು ಗ್ಯಾಸಿನಲ್ಲಿ, ಇಸ್ತ್ರಿ ಪೆಟ್ಟಿಗೆಯನ್ನು ಇನ್ನೂ ಗಂಟಿನಿಂದ ತೆಗೆದೇ ಇರಲಿಲ್ಲ.

ಕಲಬುರಗಿ ಕಡೆಯ ನನ್ನ ಜನರೇ, ಈಗಲೇ ನಿಂಬೆಹಣ್ಣು, ತಾಯತ ಎನ್ನಬೇಡಿ. ನಾನು ಐಟಿಐ ಓದಿದವಳು, ಇಲ್ಲಿನ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ದೆವ್ವಕ್ಕಿಂತ ಸಡಿಲ ವೈರ್‌ಗೆ ಹೆಚ್ಚು ಹೆದರುತ್ತೇನೆ. ಇಲ್ಲಿ ನನ್ನನ್ನು ಗೋಳು ಹೊಯ್ದುಕೊಂಡಿದ್ದು ಬೇರೆಯೇ. ಮುದ್ದೆಯನ್ನು ಅಗಿದೆನೆಂದು ಕ್ಯಾಂಟೀನಿನ ಹೆಂಗಸರೆಲ್ಲ ನಕ್ಕರು. ಅದನ್ನು ನುಂಗಬೇಕಂತೆ! ರೊಟ್ಟಿಯ ಸಪ್ಪಳಕ್ಕೆ ಒಗ್ಗಿದ ಬಾಯಿಗೆ ಸಪ್ಪಳವಿಲ್ಲದ ಊಟ ಊಟವೇ ಅನ್ನಿಸಲಿಲ್ಲ. ನಾನು 'ಹೊಂಟೀನ್ರೀ' ಎಂದರೆ ಇವರು 'ಓಯ್ತೀರಾ?' ಎನ್ನುತ್ತಾರೆ, ಇಬ್ಬರೂ ಕನ್ನಡವೇ ಆಡಿದೆವೆಂದು ಇಬ್ಬರಿಗೂ ನಂಬಿಕೆಯಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಮನೆ. ಹೋದ ಕಡೆಯೆಲ್ಲ ಒಂದೇ ಮಾತು: "ಒಂಟಿ ಎಣ್ಣು, ಒರಗ್ನೋಳು, ಕೊಡಕಿಲ್ಲ ಕಣಮ್ಮ." ಹೊರಗಿನವಳು ಎನ್ನುವುದನ್ನು ಅಷ್ಟು ಸಲ ಕೇಳಿ, ಆ ಮಾತು ಬಂದರೆ ಸಾಕು ಮೈ ಉರಿಯುತ್ತಿತ್ತು.

ಕೊನೆಗೆ ಮನೆ ಕೊಟ್ಟವರು ಬಾಳೆಹಣ್ಣಿನ ವ್ಯಾಪಾರಿ ಮಹದೇವಪ್ಪನವರು. ಹಣೆ ತುಂಬ ವಿಭೂತಿ, ಎದುರು ಮನೆಯಲ್ಲೇ ವಾಸ. ನನ್ನದು ಹಳೆಯ ಹೆಂಚಿನ ಮನೆಯ ಅರ್ಧ ಪಾಲು. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎಬ್ಬಿಸಿದ್ದಾರೆ. ಆದರೆ ಗೋಡೆ ಹೆಂಚಿನವರೆಗೆ ಏರಿಲ್ಲ, ಮೇಲೆ ಮೊಳದಷ್ಟು ಸಂದಿ ಹಾಗೇ ಉಳಿದಿದೆ. ಊಟಕ್ಕೆ ಕೂತಾಗ ಆ ಕತ್ತಲ ಸಂದಿಯಿಂದ ಯಾರೋ ನನ್ನ ತಟ್ಟೆ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಆಚೆಯ ಪಾಲಿಗೆ ಬೀದಿಯ ಕಡೆ ಬೀಗ. ಅಲ್ಲಿ ದೀಪ ಉರಿದದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

"ಅಲ್ಲಿ ಯಾರೂ ಇಲ್ಲ ಕಣಮ್ಮ," ಎಂದರು ಮಹದೇವಪ್ಪ. "ಕರೆಂಟ್ ಕಟ್ಟಾಗಿ ಎಷ್ಟೋ ವರ್ಸ ಆಯ್ತು."

ಮನುಷ್ಯ ಸುಳ್ಳು ಹೇಳಬಹುದು, ಮಂಕಾದ ಬಲ್ಬು ಹೇಳುವುದಿಲ್ಲ. ದೀಪದ ಲೈನೇ ಬೇರೆ, ದೊಡ್ಡ ಪ್ಲಗ್ಗಿನ ಲೈನೇ ಬೇರೆ ಇರಬೇಕೆನ್ನುವುದು ನಿಯಮ. ಹಳೆಯ ಮನೆಗಳಲ್ಲಿ ಎರಡನ್ನೂ ಒಂದೇ ಸಣ್ಣ ವೈರ್‌ಗೆ ಕಟ್ಟಿರುತ್ತಾರೆ, ನಮ್ಮ ಊರಲ್ಲೂ ಅಷ್ಟೇ. ಪ್ಲಗ್ಗಿನಲ್ಲಿ ಒಲೆಯಂಥದ್ದೇನಾದರೂ ಉರಿದರೆ ದೀಪ ಸೊರಗುತ್ತದೆ. ಏಣಿ ಹತ್ತಿ ನೋಡಿದೆ. ನನ್ನ ಬಲ್ಬಿನ ವೈರಿನಿಂದ ಒಂದು ಕವಲು ಗೋಡೆಯ ತಲೆ ದಾಟಿ ಕತ್ತಲೊಳಗೆ ಇಳಿದುಹೋಗಿತ್ತು. ಮನೆಯನ್ನು ಪಾಲು ಮಾಡಿದವರು ಕರೆಂಟನ್ನು ಪಾಲು ಮಾಡುವುದನ್ನು ಮರೆತಿದ್ದರು.

ಆ ಸಂಜೆ ಬಲ್ಬು ಮಂಕಾದ ಕೂಡಲೇ ಫ್ಯೂಸು ಎಳೆದೆ. ಎರಡೂ ಕಡೆ ಕತ್ತಲೆ. ಗೋಡೆಯಾಚೆ ಒಂದು ಸೌಟನ್ನು ಯಾರೋ ಮೆಲ್ಲಗೆ ನೆಲದ ಮೇಲಿಟ್ಟ ಸದ್ದು. ಆಮೇಲೆ ಏನೂ ಇಲ್ಲ. ಯಾರೋ ಸುಮ್ಮನೆ ಕೂತು ಕಾಯುತ್ತಿದ್ದಾರೆ ಎನ್ನುವಂಥ ಮೌನ. ಫ್ಯೂಸು ಮತ್ತೆ ಹಾಕಿದೆ. ಬಲ್ಬು ಕೆಂಪಗೆ ಹೊತ್ತಿಕೊಂಡಿತು.

ಬೆಳಿಗ್ಗೆ ಮಹದೇವಪ್ಪನವರ ಮುಂದೆ ನಿಂತೆ. "ಯಾರೂ ಇಲ್ಲಂದ್ರಲ್ರೀ, ಯಾರೋ ಒಲಿ ಹಚ್ಚಲಕತ್ಯಾರ. ವೈರ್ ಭಾಳ ಬಿಸಿ ಆಗ್ಯಾದ."

ಅವರು ನನ್ನ ಮುಖ ನೋಡಲಿಲ್ಲ. "ಅಂಗಾರೆ ಆ ವೈರ್ ಕಿತ್ತಾಕ್ಬುಡಮ್ಮ. ಬಾನ್ವಾರದೊಳ್ಗೆ ಆಗ್ಬೇಕು. ಆಗಕಿಲ್ಲ ಅಂದ್ರೆ ಬ್ಯಾರೆ ಮನೆ ನೋಡ್ಕೊ."

ಕೀಳುವುದು ಕಟಿಂಗ್ ಪ್ಲೈಯರಿಗೆ ಒಂದು ಕ್ಷಣದ ಕೆಲಸ. ನಿಯಮವೂ ಕೀಳು ಎಂದೇ ಹೇಳುತ್ತದೆ. ಕಿತ್ತರೆ ಆಚೆಯ ಅನ್ನ ಬೇಯುವುದಿಲ್ಲ, ಕೀಳದಿದ್ದರೆ ನನಗೆ ಮನೆಯಿಲ್ಲ. ಮತ್ತೆ ಬೀದಿ ಬೀದಿ ಅಲೆದು 'ಒರಗ್ನೋಳು' ಅನ್ನಿಸಿಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಪ್ಲೈಯರನ್ನು ಕಿಟಕಿಯ ಮೇಲಿಟ್ಟು ದಿನ ದೂಡಿದೆ.

ಶನಿವಾರ ಸಂಜೆ ಬಲ್ಬು ಎಂದಿನಂತೆ ಮಂಕಾಯಿತು. ಅನ್ನ ಬೇಯುವ ಹೊತ್ತು ಕಳೆಯಿತು. ಸಾರು ಕುದಿಯುವ ಹೊತ್ತೂ ಕಳೆಯಿತು. ಬೆಳಕು ಮೇಲೇಳಲಿಲ್ಲ. ಸಂದಿಯಿಂದ ಸೀದ ವಾಸನೆ ಇಳಿಯತೊಡಗಿತು. ಫ್ಯೂಸು ಕಿತ್ತು, ಎದುರು ಮನೆಗೆ ಓಡಿ ಮಹದೇವಪ್ಪನವರನ್ನು ಕರೆತಂದೆ. ಹಿಂದಿನ ಓಣಿಯಲ್ಲಿ, ಹೊಳೆಯ ಕಡೆಗೆ, ಆಚೆಯ ಪಾಲಿಗೊಂದು ಸಣ್ಣ ಬಾಗಿಲಿತ್ತು. ಅದರ ಮುಂದೆ ಅವರು ಕಲ್ಲಾಗಿ ನಿಂತುಬಿಟ್ಟರು.

"ನನ್ ತಮ್ಮನ್ ಎಂಡ್ತಿ ಅವ್ಳು, ರಾಜಮ್ಮ," ಎಂದರು. "ತಮ್ಮ ತೀರೋದ್ಮೇಲೆ ಪಾಲಿನ್ ಜಗಳ ಆಯ್ತು. ನಂಜುಂಡಪ್ಪನ್ ಗುಡಿ ಮುಂದೆ ಆಣೆ ಮಾಡ್ಬುಟ್ಟಿವ್ನಿ. ಆ ಒಸ್ಲು ತುಳಿಯಕಿಲ್ಲ, ನಮ್ ಪಾಲ್ಗೆ ಅವ್ಳು ಇಲ್ಲ ಅಂತ." ಒಸ್ಲು ಎಂದರೆ ಹೊಸ್ತಿಲು. ಆಮೇಲೆ ಕೈ ಮುಗಿದರು. "ನೀನ್ ಓಗವ್ವ. ನೀನ್ ಒರಗ್ನೋಳು, ನಿಂಗೆ ಆಣೆ ತಟ್ಟಕಿಲ್ಲ."

ಅದೇ ಮಾತು. ಆದರೆ ಈ ಸಲ ಬಾಗಿಲು ಮುಚ್ಚಿಸಲಿಲ್ಲ, ತೆರೆಸಿತು. ಭುಜ ಕೊಟ್ಟು ತಳ್ಳಿದೆ.

ಒಳಗೆ ಬಲ್ಬುಗಳಿಲ್ಲದ ಹೋಲ್ಡರುಗಳು. ಕರೆಂಟ್ ಒಲೆಯ ಸುರುಳಿ ಇನ್ನೂ ಕಾದಿತ್ತು, ಮೇಲೆ ಕರಿಕಾದ ಅನ್ನ. ಪಕ್ಕದಲ್ಲಿ ಒಬ್ಬ ಹೆಂಗಸು ಗೋಡೆಗೊರಗಿ ಜಾರಿ ಬಿದ್ದಿದ್ದಳು. ಮುಟ್ಟಿದೆ. ಬಿಸಿಯಿತ್ತು, ಉಸಿರಿತ್ತು. ಮೊಬೈಲಿನ ಬೆಳಕಿಗೆ ಕಣ್ಣು ತೆರೆದು ನನ್ನನ್ನಲ್ಲ, ನನ್ನ ತಲೆಯ ಮೇಲಿನ ಸಂದಿಯನ್ನು ನೋಡಿದಳು.

"ನಿನ್ ದೀಪ ಯಾಕವ್ವ ಆರೋಯ್ತು?" ಎಂದಳು. "ಅದ್ರ್ ಬೆಳಕ್ನಾಗೇ ನಾನ್ ಉಣ್ಣದು."

ಸಂದಿಯಿಂದ ನನ್ನನ್ನು ಯಾರೋ ನೋಡುತ್ತಿದ್ದಾರೆಂದುಕೊಂಡಿದ್ದೆ. ನನ್ನ ಬಲ್ಬಿನ ಬೆಳಕೇ ಅಲ್ಲಿಂದ ಆಚೆಗೆ ಇಳಿಯುತ್ತಿತ್ತು. ಒಲೆ ಹಚ್ಚಿದಾಗಲೆಲ್ಲ ನನ್ನ ದೀಪದ ಜೊತೆ ಅವಳ ದೀಪವೂ ಮಂಕಾಗುತ್ತಿತ್ತು. ನಾನು ಸ್ವಿಚ್ಚು ಆರಿಸಿ ಮಲಗಿದರೆ ಅವಳಿಗೂ ರಾತ್ರಿಯಾಗುತ್ತಿತ್ತು.

ಆಸ್ಪತ್ರೆಗೆ ಸಾಗಿಸುವ ಆಟೋಗೆ ಹಣ ಕೊಟ್ಟವರು ಮಹದೇವಪ್ಪನವರೇ, ಮುಖ ಆಚೆ ತಿರುಗಿಸಿಕೊಂಡು. ಬದುಕಿದ ರಾಜಮ್ಮನನ್ನು ಟಿ. ನರಸೀಪುರದಿಂದ ತಂಗಿ ಬಂದು ಕರೆದೊಯ್ದಳು. ಬಸ್ಸು ಹೊರಟ ಮೇಲೆ ಮಹದೇವಪ್ಪ ನನ್ನ ಬಾಗಿಲಿಗೆ ಬಂದರು. "ಈಗ ಕಿತ್ತಾಕಮ್ಮ. ಅಲ್ಲಿ ಯಾರೂ ಇಲ್ಲ," ಎಂದರು. ಈ ಸಲ ಅದು ನಿಜವಾಗಿತ್ತು. ಅದಕ್ಕೇ ಆ ಮಾತು ನನಗೆ ಕೇಳಲಾಗಲಿಲ್ಲ, ಹೇಳಿದವರಿಗೂ ಅಲ್ಲಿ ನಿಲ್ಲಲಾಗಲಿಲ್ಲ.

ನಿಯಮದಂತೆ ದೀಪಕ್ಕೊಂದು ಲೈನು, ಪ್ಲಗ್ಗಿಗೊಂದು ಲೈನು ಎಳೆದೆ. ಈಗ ಬಲ್ಬು ಮಂಕಾಗುವುದಿಲ್ಲ. ಸಂಜೆಯಾದರೆ ಆ ಮಂಕಾಗದ ಬೆಳಕೇ ನನಗೆ ಹೆದರಿಕೆ. ರಜೆ ಸಿಕ್ಕಾಗ ನರಸೀಪುರದ ಬಸ್ಸು ಹತ್ತುತ್ತೇನೆ. ರಾಜಮ್ಮ ಮೊದಲು ಕೇಳುವುದು ನನ್ನ ಕ್ಷೇಮವನ್ನಲ್ಲ. "ನಮ್ ದೀಪ ಉರೀತಾ ಅದಾ?" ಎನ್ನುತ್ತಾಳೆ.

ಮೊನ್ನೆ ಊರಿಗೆ ಹೋಗಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಮ್ಮಲ್ಲಿ ಸಂಜೆ ಕರೆಂಟು ಸೊರಗುವುದು ಹೊಸದೇನಲ್ಲ. ಬಲ್ಬು ಮಂಕಾಯಿತು. ನಾನು ತಟ್ಟೆ ಬಿಟ್ಟು ಎದ್ದು ಬಾಗಿಲಿಗೆ ಬಂದಿದ್ದೆ.

"ಎಲ್ಲಿಗ್ ಹೊಂಟಿ?" ಅವ್ವ ಕೇಳಿದಳು.

"ಬಾಜೂ ಮನಿಗಿ," ಎಂದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನಮ್ಮ ಮನೆಗೆ ಪಕ್ಕದ ಮನೆಯೇ ಇಲ್ಲ. ಬಾಗಿಲಾಚೆ ಇರುವುದು ತೊಗರಿ ಹೊಲ.